ಬಿಳಿ ಲೋಟಕ್ಕೆ ರಮ್, ಕೆಂಪು ಲೋಟಕ್ಕೆ ಪುನರ್ಪುಳಿ

ಸೆಕೆಗಾಲದ ಶನಿವಾರ ಸಂಜೆ ಮನೆಗೆ ನಾಲ್ಕು ಜನ ಗೆಳೆಯರು ಬರುತ್ತಾರೆ ಅಂದರೆ ಮೊದಲು ಏಳುವ ಪ್ರಶ್ನೆ ಊಟದ್ದಲ್ಲ, "ಕುಡಿಯಲಿಕ್ಕೆ ಎಂತ ಉಂಟು?" ಎನ್ನುವುದು. ಹಿಂದೊಮ್ಮೆ ಇದೇ ಅಂಕಣದಲ್ಲಿ ಮಾವಿನಕಾಯಿ ಪಾನಕದ ಬಗ್ಗೆ ಬರೆದಾಗ ಬಂದ ಮೆಸೇಜುಗಳಲ್ಲಿ ಹೆಚ್ಚಿನವು ಒಂದೇ ಧಾಟಿಯವು: "ಪಾನಕ ಎಲ್ಲ ಸರಿ ಮಾರಾಯ್ರೆ, ಆ ರಮ್ಮು, ಪುದೀನಾ, ಸೋಡಾ ಹಾಕಿ ಮಾಡ್ತಾರಲ್ಲ, ಅದನ್ನು ಮನೆಯಲ್ಲಿ ಮಾಡೋದು ಹೇಗೆ ಅಂತ ಬರೀರಿ." ಇವತ್ತು ಅದನ್ನೇ ಬರೀತೇನೆ.

ಶುರುವಿಗೇ ಒಂದು ಮಾತು. ಕುಡಿಯದವರು ಕುಡಿಯಲು ಕಲಿಯಲಿ ಅಂತ ಇದನ್ನು ಬರೆಯುತ್ತಿಲ್ಲ. ಮದ್ಯದ ವಿಷಯದಲ್ಲಿ ಆರೋಗ್ಯಕ್ಕೆ ಸುರಕ್ಷಿತ ಅನ್ನುವ ಅಳತೆಯೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಹೇಗೂ ಒಂದು ಲೋಟ ಕುಡಿಯುವವರು ಅದರೊಳಗೆ ಎಷ್ಟಿದೆ ಅಂತ ಗೊತ್ತಿದ್ದು ಕುಡಿಯಲಿ, ಕುಡಿಯದವರಿಗೆ ಅದೇ ಮೇಜಿನಲ್ಲಿ ಅಷ್ಟೇ ಚೆಂದದ ಲೋಟ ಸಿಗಲಿ, ಇಷ್ಟೇ ನನ್ನ ಆಸೆ. ಹಾಗಾಗಿ ಇವತ್ತು ಒಂದಲ್ಲ, ಎರಡು ಲೋಟದ ರೆಸಿಪಿ. 21 ದಾಟದವರು, ಗರ್ಭಿಣಿಯರು, ಔಷಧಿ ತೆಗೆದುಕೊಳ್ಳುತ್ತಿರುವವರು, ಆ ರಾತ್ರಿ ಗಾಡಿ ಓಡಿಸುವವರು ಸೀದಾ ಎರಡನೆಯದಕ್ಕೆ ಹೋಗಿ.

ಹೆಸರು ಕ್ಯೂಬಾದ್ದು, ಸಾಮಾನು ನಮ್ಮದೇ

ಜ್ಯೂಸ್ ಅಂಗಡಿಯ ಬೋರ್ಡಿನಲ್ಲಿ "ಮೊಜಿಟೊ" ಅಂತ ಬರೆದಿರುತ್ತದೆ. ಸ್ಪ್ಯಾನಿಷ್ ಉಚ್ಚಾರಣೆ ಮೊಹೀಟೊ. ಹುಟ್ಟಿದ್ದು ಕ್ಯೂಬಾದಲ್ಲಿ. ಬಿಳಿ ರಮ್, ಲಿಂಬೆರಸ, ಸಕ್ಕರೆ, ಪುದೀನಾ, ಸೋಡಾ: ಐದೇ ಸಾಮಾನು. ಅಂಗಡಿಯಲ್ಲಿ ಹಸಿರು ಸಿರಪ್ ಸುರಿದು ಕೊಡುತ್ತಾರಲ್ಲ, ಅದು ಬೇರೆ ಸಂಗತಿ. ನಿಜವಾದ ಮೊಹೀಟೊದ ನೀರಿಗೆ ಹಸಿರು ಬಣ್ಣ ಇರುವುದೇ ಇಲ್ಲ, ಎಲೆ ಮಾತ್ರ ಹಸಿರು.

ಕ್ಯೂಬಾ ನಮ್ಮ ಕರಾವಳಿಯ ಹಾಗೇ ಸೆಕೆಯ ಊರು. ಕಬ್ಬು, ಲಿಂಬೆ, ಸಮುದ್ರದ ತೇವ ಗಾಳಿ, ಸಂಜೆಯಾದರೂ ಆರದ ಬೆವರು. ಅಂಥ ಊರಲ್ಲಿ ಹುಟ್ಟಿದ ಪಾನೀಯ ಕಲ್ಲಡ್ಕದ ಏಪ್ರಿಲ್ ತಿಂಗಳಿಗೆ ಹೊಂದದೆ ಇರುತ್ತದಾ?

ರಮ್ ಅಂದರೆ ಕಬ್ಬಿನ ಮದ್ಯ. ಹೆಚ್ಚಾಗಿ ಸಕ್ಕರೆ ಕಾರ್ಖಾನೆಯ ಕಾಕಂಬಿಯನ್ನು ಹುಳಿ ಬರಿಸಿ, ಭಟ್ಟಿ ಇಳಿಸಿ ಮಾಡುತ್ತಾರೆ. ಬಕಾರ್ಡಿ ಕಂಪನಿ 1862ರಲ್ಲಿ ಕ್ಯೂಬಾದ ಸ್ಯಾಂಟಿಯಾಗೊದಲ್ಲಿ ಶುರುವಾದದ್ದು. ಈಗ ಅದಕ್ಕೆ ನಮ್ಮ ನಂಜನಗೂಡಿನಲ್ಲೇ ಘಟಕ ಉಂಟು. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ಬೆಲ್ಲದಿಂದ ಮಾಡಿದ ರಮ್ಮಿಗೆ "ಬೆಲ್ಲ" ಅಂತಲೇ ಹೆಸರಿಟ್ಟಿದೆ. ದೂರದ ದ್ವೀಪದ ಪಾನೀಯಕ್ಕೆ ಬೇಕಾದದ್ದೆಲ್ಲ ಕರ್ನಾಟಕದೊಳಗೇ ಸಿಕ್ಕಿಬಿಡುತ್ತದೆ.

"ಮನೆಯಲ್ಲಿ ಓಲ್ಡ್ ಮಾಂಕ್ ಮಾತ್ರ ಉಂಟು, ಆಗ್ತದಾ?" ಅಂತ ಕೇಳುವವರಿಗೆ: ಆಗ್ತದೆ, ಆದರೆ ರುಚಿ ಬೇರೆ. 1954ರಿಂದ ಬರುತ್ತಿರುವ ಆ ಕಪ್ಪು ರಮ್ಮಿನ ವೆನಿಲ್ಲಾ, ಸುಟ್ಟ ಸಕ್ಕರೆಯ ಪರಿಮಳ ಪುದೀನಾವನ್ನು ಹಿಂದೆ ತಳ್ಳುತ್ತದೆ. ಸಕ್ಕರೆ ಪಾಕದ ಬದಲು ಬೆಲ್ಲದ ಪಾಕ ಹಾಕಿದರೆ ಅದು ತನ್ನದೇ ರೀತಿಯಲ್ಲಿ ಚೆಂದ. ಪುದೀನಾ ಮುಂದೆ ನಿಲ್ಲಬೇಕು ಅಂತಿದ್ದರೆ ಬಿಳಿ ರಮ್ಮೇ ಸರಿ.

ಮೊದಲ ಲೋಟ: ಬಿಳಿ

ಸುಮಾರು 300 ಮಿ.ಲೀ. ಹಿಡಿಯುವ ಉದ್ದದ ಗಾಜಿನ ಲೋಟ ತೆಗೆದುಕೊಳ್ಳಿ. ಒಂದು ಲೋಟಕ್ಕೆ ಇಷ್ಟು:

ಪುದೀನಾ ಎಲೆ: 8ರಿಂದ 10
ಲಿಂಬೆರಸ: 20 ಮಿ.ಲೀ.
ಸಕ್ಕರೆ ಪಾಕ: 15 ಮಿ.ಲೀ.
ಬಿಳಿ ರಮ್: 30 ಮಿ.ಲೀ.
ತಣ್ಣಗಿನ ಸಾದಾ ಸೋಡಾ: 120 ಮಿ.ಲೀ.
ಐಸ್: ಲೋಟ ಮುಕ್ಕಾಲು ತುಂಬುವಷ್ಟು

ಪಾಕ ಮೊದಲೇ ಮಾಡಿಡಿ. 100 ಗ್ರಾಂ ಸಕ್ಕರೆ, 100 ಮಿ.ಲೀ. ನೀರು, ಕರಗುವವರೆಗೆ ಬಿಸಿ ಮಾಡಿದರೆ ಸಾಕು, ಎಳೆ ಪಾಕ ಬೇಡ. ಸುಮಾರು 160 ಮಿ.ಲೀ. ಸಿಗುತ್ತದೆ, ಹತ್ತು ಲೋಟಕ್ಕೆ ಧಾರಾಳ. ಸಕ್ಕರೆಯನ್ನೇ ಹಾಕಬಾರದಾ ಅಂದರೆ ಹಾಕಬಹುದು, ಆದರೆ ತಣ್ಣಗಿನ ನೀರಲ್ಲಿ ಅದು ಬೇಗ ಕರಗುವುದಿಲ್ಲ. ಮೇಲೆಲ್ಲ ಹುಳಿ, ಕೊನೆಯ ಗುಟುಕಿಗೆ ಮರಳಿನ ಹಾಗೆ ಸಕ್ಕರೆ.

ಇನ್ನು ಪುದೀನಾ. ಜನ ಇದನ್ನು ಚಟ್ನಿಗೆ ಅರೆದ ಹಾಗೆ ಜಜ್ಜುತ್ತಾರೆ. ಬೇಡ. ಪುದೀನಾದ ಪರಿಮಳದ ಎಣ್ಣೆ ಇರುವುದು ಎಲೆಯ ಮೇಲ್ಮೈಯ ಸಣ್ಣ ಸಣ್ಣ ಗ್ರಂಥಿಗಳಲ್ಲಿ. ಸ್ವಲ್ಪ ಒತ್ತಿದರೆ ಅವು ಒಡೆದು ಎಣ್ಣೆ ಬಿಡುತ್ತವೆ. ಎಲೆಯನ್ನೇ ಪುಡಿಗಟ್ಟಿದರೆ ಒಳಗಿನ ಕಹಿ, ಹುಲ್ಲಿನ ವಾಸನೆ ಹೊರಗೆ ಬರುತ್ತದೆ. ಎಲೆ, ಪಾಕ, ಲಿಂಬೆರಸ ಮೂರನ್ನೂ ಲೋಟದ ತಳಕ್ಕೆ ಹಾಕಿ, ಲಟ್ಟಣಿಗೆಯ ತುದಿಯಿಂದ ನಾಲ್ಕೈದು ಸಲ ಮೆಲ್ಲನೆ ಒತ್ತಿ. ಎಲೆ ಬಾಡಬೇಕು, ಹರಿಯಬಾರದು. ಲೋಟ ತೆಳು ಇದ್ದರೆ ಬೇರೆ ಗಟ್ಟಿ ಪಾತ್ರೆಯಲ್ಲಿ ಒತ್ತಿ ಸುರಿಯಿರಿ.

ಲಿಂಬೆ ಹಿಂಡುವಾಗಲೂ ಅಷ್ಟೇ, ಸಿಪ್ಪೆಯನ್ನು ತಿರುಚಿ ತಿರುಚಿ ಹಿಂಡಿದರೆ ಬಿಳಿ ಭಾಗದ ಕಹಿ ಇಳಿಯುತ್ತದೆ. ತೋಟದಲ್ಲಿ ಗಜಲಿಂಬೆ ಇದ್ದವರಿಗೆ ಒಂದರಲ್ಲೇ ಎರಡು ಲೋಟ ಆಗುತ್ತದೆ.

ಈಗ ರಮ್ 30 ಮಿ.ಲೀ. ಅಳೆದು ಹಾಕಿ. ಕಣ್ಣಂದಾಜು ಬೇಡ. ಪೆಗ್ ಅಳತೆ ಮನೆಯಲ್ಲಿ ಇಲ್ಲದಿದ್ದರೆ ಕೆಮ್ಮಿನ ಸಿರಪ್ ಬಾಟ್ಲಿಯ ಮೇಲೆ 10 ಮಿ.ಲೀ. ಗೆರೆ ಇರುವ ಮುಚ್ಚಳ ಉಂಟಲ್ಲ, ಅದನ್ನು ಚೆನ್ನಾಗಿ ತೊಳೆದು ಇಟ್ಟುಕೊಳ್ಳಿ. ಮೂರು ಮುಚ್ಚಳ ಒಂದು ಸ್ಮಾಲ್. ನನ್ನ ಅಡುಗೆಮನೆಯಲ್ಲಿ ಇವತ್ತಿಗೂ ಅದೇ ಅಳತೆ.

ಆಮೇಲೆ ಐಸ್. ದೊಡ್ಡ ತುಂಡು ಒಳ್ಳೆಯದು. ಪುಡಿ ಐಸ್ ನೋಡಲು ಚೆಂದ, ನಮ್ಮ ಸೆಕೆಗೆ ಐದು ನಿಮಿಷದಲ್ಲಿ ಕರಗಿ ಎಲ್ಲವನ್ನೂ ನೀರು ಮಾಡುತ್ತದೆ.

ಕೊನೆಗೆ ಸೋಡಾ. ಇದು ಕೊನೆಗೇ ಬರಬೇಕು. ಗ್ಯಾಸ್ ತಣ್ಣಗಿನ ನೀರಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. 0 ಡಿಗ್ರಿಯ ನೀರು ಹಿಡಿದಿಡುವ ಇಂಗಾಲದ ಡೈಆಕ್ಸೈಡಿನ ಅರ್ಧದಷ್ಟನ್ನು ಮಾತ್ರ 20 ಡಿಗ್ರಿಯ ನೀರು ಹಿಡಿಯುತ್ತದೆ. ನಮ್ಮ ಮಧ್ಯಾಹ್ನದ ಬಿಸಿಗೆ ಇನ್ನೂ ಕಡಿಮೆ. ಹಾಗಾಗಿ ಸೋಡಾವನ್ನು ನಾಲ್ಕು ಗಂಟೆಯಾದರೂ ಫ್ರಿಜ್ಜಿನಲ್ಲಿಡಿ, ಲೋಟದ ಅಂಚಿನಿಂದ ಇಳಿಬಿಡಿ, ಚಮಚ ತಳಕ್ಕೆ ಹಾಕಿ ಒಂದೇ ಸಲ ಮೇಲೆತ್ತಿ. ಗಿರಗಿರ ತಿರುಗಿಸಿದರೆ ಗುಳ್ಳೆ ಎಲ್ಲ ಹಾರಿಹೋಗುತ್ತದೆ.

ನಾಲ್ಕು ಲೋಟಕ್ಕೆ ಎರಡು ಲೀಟರಿನ ಬಾಟ್ಲಿ ತಂದರೆ ಮುಚ್ಚಿ ತೆಗೆದು ಮುಚ್ಚಿ ತೆಗೆದು ಕೊನೆಯವರಿಗೆ ಸಪ್ಪೆ ನೀರು ಸಿಗುತ್ತದೆ. ಸಣ್ಣ ಬಾಟ್ಲಿ ತನ್ನಿ. ಇನ್ನೂ ಒಳ್ಳೆಯದು ನಮ್ಮ ಗೋಲಿ ಸೋಡಾ. 1872ರಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಪೇಟೆಂಟ್ ಪಡೆದ ಬಾಟ್ಲಿ ಅದು. ಒಳಗಿನ ಗ್ಯಾಸಿನ ಒತ್ತಡವೇ ಗೋಲಿಯನ್ನು ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿದು ಬಾಯಿ ಮುಚ್ಚುತ್ತದೆ. ಗ್ಯಾಸ್ ಇಲ್ಲದಿದ್ದರೆ ಬಾಯಿಯೇ ಮುಚ್ಚುವುದಿಲ್ಲ, ಅಂದರೆ ಸಪ್ಪೆ ಸೋಡಾ ನಿಮ್ಮ ಕೈಗೆ ಬರುವ ಪ್ರಶ್ನೆಯೇ ಇಲ್ಲ. ಸಿಹಿ ಹಾಕದ ಸಾದಾದ್ದನ್ನೇ ಕೇಳಿ ತನ್ನಿ.

ಒಂದು ಪುದೀನಾ ಕುಡಿಯನ್ನು ಅಂಗೈಯಲ್ಲಿಟ್ಟು ಒಮ್ಮೆ ಚಪ್ಪಾಳೆ ತಟ್ಟಿ ಮೇಲೆ ಸಿಕ್ಕಿಸಿ. ಕುಡಿಯುವ ಮೊದಲು ಮೂಗಿಗೆ ತಾಗುವುದು ಅದೇ.

ಈ ಲೋಟ ಸ್ವಲ್ಪ ಕಳ್ಳ

ನಮ್ಮ ಭಾವ ಒಬ್ಬರಿದ್ದಾರೆ. ನಾನು ಮುಚ್ಚಳದಲ್ಲಿ ಅಳೆಯುವುದನ್ನು ನೋಡಿ, "ನೀನು ಎಂತ ಮಾರಾಯ, ಮಗುವಿಗೆ ಔಷಧಿ ಕೊಟ್ಟ ಹಾಗೆ ಹಾಕ್ತಿ! ಸೀದಾ ಸುರಿ" ಅಂದರು. "ಭಾವ, ನೀವು ವಿಸ್ಕಿ ಕುಡಿದರೆ ಗಂಟಲೇ ಹೇಳ್ತದೆ ಸಾಕು ಅಂತ. ಇದರಲ್ಲಿ ಹೇಳುವವರು ಯಾರೂ ಇಲ್ಲ" ಅಂದೆ.

ಮೊಹೀಟೊದ ಗುಣವೂ ಅದೇ, ಅಪಾಯವೂ ಅದೇ. ಸಿಹಿ, ಹುಳಿ, ಪುದೀನಾದ ತಂಪು, ಸೋಡಾದ ಚುರುಚುರು, ನಾಲ್ಕೂ ಸೇರಿ ರಮ್ಮಿನ ಖಾರವನ್ನು ಮುಚ್ಚಿಬಿಡುತ್ತವೆ. 30 ಹಾಕಿದರೂ 60 ಹಾಕಿದರೂ ನಾಲಿಗೆಗೆ ದೊಡ್ಡ ವ್ಯತ್ಯಾಸ ಗೊತ್ತಾಗುವುದಿಲ್ಲ. ಬಾಯಾರಿಕೆಗೆ ಕುಡಿದ ಹಾಗೆ ಗಟಗಟ ಇಳಿಯುತ್ತದೆ. ಮೇಲಿಂದ ಗ್ಯಾಸ್ ಇರುವ ಪಾನೀಯದ ಜೊತೆ ಹೋದ ಮದ್ಯ ಹಲವರಲ್ಲಿ ರಕ್ತಕ್ಕೆ ಬೇಗ ಸೇರುತ್ತದೆ. ಅಂತಾರಾಷ್ಟ್ರೀಯ ಬಾರ್‌ಟೆಂಡರುಗಳ ಸಂಘದ ರೆಸಿಪಿಯಲ್ಲಿ ರಮ್ 45 ಮಿ.ಲೀ. ಉಂಟು. ನಾನು 30 ಬರೆದದ್ದು ಇದೇ ಕಾರಣಕ್ಕೆ, ರುಚಿಗೆ ಅಷ್ಟು ಸಾಕು.

ಈಗ ಸ್ವಲ್ಪ ಲೆಕ್ಕ. ಇಂಜಿನಿಯರ್ ಅಂದಮೇಲೆ ಇದು ತಪ್ಪಿದ್ದಲ್ಲ, ಸಹಿಸಿಕೊಳ್ಳಿ.

ನಮ್ಮಲ್ಲಿ ಸಿಗುವ ಸಾಮಾನ್ಯ ರಮ್ಮಿನ ಬಾಟ್ಲಿ ಮೇಲೆ 42.8% ಅಂತ ಇರುತ್ತದೆ. 30 ಮಿ.ಲೀ. ರಮ್ಮಿನಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 13 ಮಿ.ಲೀ., ತೂಕದಲ್ಲಿ 10 ಗ್ರಾಂ. 60 ಹಾಕಿದರೆ 20 ಗ್ರಾಂ. 65 ಕಿಲೋ ತೂಕದ ಗಂಡಸಿನಲ್ಲಿ 20 ಗ್ರಾಂ ಅಂದರೆ 100 ಮಿ.ಲೀ. ರಕ್ತಕ್ಕೆ ಅಂದಾಜು 45 ಮಿಲಿಗ್ರಾಂ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಹಾಕಿರುವ ಗೆರೆ 30 ಮಿಲಿಗ್ರಾಂ. ಅಂದರೆ "ಒಂದೇ ಲಾರ್ಜ್ ಅಷ್ಟೇ" ಅಂದವರು ಆಗಲೇ ಗೆರೆ ದಾಟಿ ಆಯ್ತು. 55 ಕಿಲೋ ತೂಕದ ಹೆಂಗಸಿಗೆ ಒಂದು ಸ್ಮಾಲ್ ಕೂಡ 30ರ ಆಸುಪಾಸಿಗೆ ಮುಟ್ಟಿಸಬಹುದು. ಹೊಟ್ಟೆ ಖಾಲಿ ಇತ್ತಾ, ಎಷ್ಟು ಹೊತ್ತಲ್ಲಿ ಕುಡಿದರು ಎಲ್ಲದರ ಮೇಲೆ ಇದು ಹೆಚ್ಚುಕಡಿಮೆ ಆಗುತ್ತದೆ, ಹಾಗಾಗಿ ಈ ಅಂಕಿ ಹಿಡಿದುಕೊಂಡು "ಇಷ್ಟು ಕುಡಿದು ಓಡಿಸಬಹುದು" ಅಂತ ಲೆಕ್ಕ ಹಾಕಲೇಬೇಡಿ. ಲೆಕ್ಕ ಹೇಳುವುದು ಒಂದೇ: ಓಡಿಸುವವರಿಗೆ ಸೊನ್ನೆ.

ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲ 6 ತಿಂಗಳವರೆಗೆ ಜೈಲು, ಇಲ್ಲ ಎರಡೂ. ಆದರೆ ನನಗೆ ಹೆದರಿಕೆ ಪೊಲೀಸರದ್ದಲ್ಲ. ನಮ್ಮ ಮನೆಯಿಂದ ಹೊರಟವರು ಹತ್ತುವುದು ರಾಷ್ಟ್ರೀಯ ಹೆದ್ದಾರಿ 75ಕ್ಕೆ. ಬೆಂಗಳೂರಿನಿಂದ ರಾತ್ರಿ ಬರುವ ಬಸ್ಸು, ಬಂದರಿಗೆ ಹೋಗುವ ಟ್ಯಾಂಕರು, ಲಾರಿ ಎಲ್ಲ ಅದೇ ರಸ್ತೆಯಲ್ಲಿ. ಮೆಲ್ಕಾರ್ ದಾಟಿ ಪಾಣೆಮಂಗಳೂರಿನ ನೇತ್ರಾವತಿ ಸೇತುವೆ, ಬಿ.ಸಿ.ರೋಡ್, ಫರಂಗಿಪೇಟೆ, ಪಡೀಲ್. "ಮುಟ್ಟಿದೆ" ಅಂತ ಒಂದು ಮೆಸೇಜ್ ಬರುವವರೆಗೆ ಆತಿಥ್ಯ ಮಾಡಿದವನಿಗೆ ನಿದ್ದೆ ಇಲ್ಲ. ಮಳೆಗಾಲದಲ್ಲಂತೂ ಕೇಳಲೇಬೇಡಿ.

ಎರಡನೇ ಲೋಟ: ಕೆಂಪು

ನಮ್ಮ ಪಾರ್ಟಿಗಳಲ್ಲಿ ಒಂದು ವಿಚಿತ್ರ ಉಂಟು. ಕುಡಿಯುವವರಿಗೆ ಐಸು, ಲಿಂಬೆ, ಉದ್ದ ಲೋಟ, ಫೋಟೊ. ಕುಡಿಯದವರಿಗೆ ಫ್ರಿಜ್ಜಿನ ಮೂಲೆಯಲ್ಲಿ ಉಳಿದ ಅರ್ಧ ಬಾಟ್ಲಿ ಕೋಲಾ, ಅದೂ ಕಾಗದದ ಕಪ್ಪಿನಲ್ಲಿ. ಮೇಲಿಂದ "ಯಾಕೆ, ತಗೊಳ್ಳಲ್ವಾ? ಒಂದು ಹನಿಗೆ ಎಂತ ಆಗ್ತದೆ?" ಎನ್ನುವ ಒತ್ತಾಯ. ನನ್ನ ಜೊತೆ ಕೆಲಸ ಮಾಡುವ ಗೆಳೆಯನೊಬ್ಬ ಮಂಗಳೂರಿನಿಂದ ಬೈಕಿನಲ್ಲಿ ಬರುತ್ತಾನೆ, ಅದೇ ರಾತ್ರಿ ವಾಪಸು ಹೋಗುತ್ತಾನೆ. ಅವನು ಒಮ್ಮೆ ಹೇಳಿದ ಮಾತು ಮನಸ್ಸಲ್ಲಿ ಉಳಿದಿದೆ: "ಕುಡಿಯದೆ ಇರುವುದು ಕಷ್ಟ ಅಲ್ಲ ಮಾರಾಯ. ಯಾಕೆ ಕುಡಿಯಲ್ಲ ಅಂತ ಹತ್ತು ಜನಕ್ಕೆ ಹೇಳುವುದು ಕಷ್ಟ."

ಅವನ ಕೈಯಲ್ಲಿ ಒಂದು ಚೆಂದದ ಲೋಟ ಇದ್ದರೆ ಆ ಹತ್ತು ಪ್ರಶ್ನೆಗಳಲ್ಲಿ ಒಂಬತ್ತು ಬರುವುದೇ ಇಲ್ಲ.

ರಮ್ ಬಿಟ್ಟು ಉಳಿದದ್ದೆಲ್ಲ ಹಾಕಿ ಕೊಟ್ಟರೆ ಆಗಲಿಲ್ಲವಾ ಅಂತ ನೀವು ಕೇಳಬಹುದು. ಎರಡು ಕಾರಣಕ್ಕೆ ಬೇಡ. ಒಂದು, ರಮ್ ತೆಗೆದರೆ ಗಂಟಲಿಗೆ ಬರುವ ಬೆಚ್ಚನೆ, ನಾಲಿಗೆಯ ಮೇಲಿನ ಭಾರ ಎರಡೂ ಹೋಗಿ ಬರೀ ಲಿಂಬೆ ಸೋಡಾ ಉಳಿಯುತ್ತದೆ. ಇನ್ನೊಂದು ಮುಖ್ಯದ್ದು, ಎರಡೂ ಲೋಟ ನೋಡಲು ಒಂದೇ ಥರ ಇದ್ದರೆ ಮಾತಿನ ಗೌಜಿಯಲ್ಲಿ ಅದಲುಬದಲಾಗುತ್ತದೆ. ಧರ್ಮದ ಕಾರಣಕ್ಕೋ, ಔಷಧಿಯ ಕಾರಣಕ್ಕೋ, ಹೊಟ್ಟೆಯಲ್ಲಿರುವ ಮಗುವಿನ ಕಾರಣಕ್ಕೋ ಮುಟ್ಟದವರ ಕೈಗೆ ರಮ್ಮಿನ ಲೋಟ ಹೋಗಬಾರದು. ಆದ್ದರಿಂದ ಚೆಂದ ಒಂದೇ ಇರಲಿ, ಬಣ್ಣ ಬೇರೆ ಇರಲಿ.

ಬಣ್ಣಕ್ಕೆ ನಮ್ಮೂರಲ್ಲಿ ಪುನರ್ಪುಳಿಗಿಂತ ಒಳ್ಳೆಯದು ಯಾವುದುಂಟು? ಘಟ್ಟದ ಮೇಲಿನವರು ಮುರುಗಲು, ಕೋಕಂ ಅಂತಾರೆ. ಎರಡು ಲೋಟಕ್ಕೆ ಒಣ ಸಿಪ್ಪೆ 15, ಉಗುರು ಬೆಚ್ಚಗಿನ ನೀರು 100 ಮಿ.ಲೀ. ಎರಡು ಗಂಟೆ ನೆನೆಸಿ, ಕಿವುಚಿ, ಸೋಸಿ. ಇದಕ್ಕೆ 40 ಮಿ.ಲೀ. ಬೆಲ್ಲದ ಪಾಕ, ಒಂದು ಚಿಟಿಕೆ ಉಪ್ಪು. ಬೆಲ್ಲದ ಪಾಕವೂ ಸಕ್ಕರೆ ಪಾಕದ ಹಾಗೆಯೇ, ಸಮ ಸಮ, ಆದರೆ ಕಸ ಇರುತ್ತದೆ, ಬಟ್ಟೆಯಲ್ಲಿ ಸೋಸಿಕೊಳ್ಳಿ. ಸಿಪ್ಪೆಗೆ ಉಪ್ಪು ಹಚ್ಚಿ ಒಣಗಿಸಿದ್ದಾದರೆ ಬೇರೆ ಉಪ್ಪು ಬೇಡ. ಲಿಂಬೆ ಬೇಡವೇ ಬೇಡ, ಪುನರ್ಪುಳಿಯ ಹುಳಿಯೇ ಸಾಕು.

ರಮ್ಮಿನ ಬೆಚ್ಚನೆಯ ಜಾಗಕ್ಕೆ ಶುಂಠಿ. ತೆಳ್ಳಗೆ ಕೊಯ್ದ ಮೂರು ಬಿಲ್ಲೆಯನ್ನು ಲೋಟದ ತಳದಲ್ಲಿ ಜಜ್ಜಿ, ಇದನ್ನು ಜೋರಾಗಿಯೇ ಜಜ್ಜಬಹುದು. ಐದಾರು ಪುದೀನಾ ಎಲೆ ಮೆಲ್ಲಗೆ ಒತ್ತಿ. ಪುನರ್ಪುಳಿ ರಸ ಅರ್ಧ ಅರ್ಧ ಸುರಿದು ಐಸ್ ತುಂಬಿಸಿ.

ಇನ್ನು ಸೋಡಾ ಹಾಕುವ ಕ್ರಮ. ಕಲ್ಲಡ್ಕದವರಿಗೆ ಇದನ್ನು ಕಲಿಸಬೇಕಾಗಿಲ್ಲ. ನಮ್ಮೂರಿನ ಲಕ್ಷ್ಮೀನಿವಾಸ ಹೋಟೆಲಿನ ಕೆ.ಟಿ. ಕುಡಿದವರಿಗೆ ಗೊತ್ತು, ಲೋಟದಲ್ಲಿ ಕೆಳಗೆ ಹಾಲು, ಮೇಲೆ ಚಹಾದ ಡಿಕಾಕ್ಷನ್, ನಡುವೆ ಗೆರೆ ಎಳೆದ ಹಾಗೆ. ಸಕ್ಕರೆ ಕರಗಿದ ಹಾಲು ಭಾರ, ಅದು ಕೆಳಗೆ ಕೂರುತ್ತದೆ. ಹಗುರ ಡಿಕಾಕ್ಷನನ್ನು ಮೆಲ್ಲನೆ ಇಳಿಸಿದರೆ ಬೆರೆಯದೆ ಮೇಲೆ ನಿಲ್ಲುತ್ತದೆ. ಇಲ್ಲಿಯೂ ಅದೇ ಲೆಕ್ಕ. ಬೆಲ್ಲ ಹಾಕಿದ ಪುನರ್ಪುಳಿ ಭಾರ, ಸೋಡಾ ಹಗುರ. ಚಮಚವನ್ನು ಮಗುಚಿ ಐಸಿನ ಮೇಲೆ ಹಿಡಿದು, ಅದರ ಬೆನ್ನಿನ ಮೇಲೆ 120 ಮಿ.ಲೀ. ಸೋಡಾವನ್ನು ನಿಧಾನಕ್ಕೆ ಬಿಡಿ. ಗುಳ್ಳೆ ಏಳುವುದರಿಂದ ಕೆ.ಟಿ.ಯಷ್ಟು ಖಡಕ್ ಗೆರೆ ಬರುವುದಿಲ್ಲ. ಕೆಳಗೆ ಗಾಢ ಕೆಂಪು, ನಡುವೆ ಗುಲಾಬಿ, ಮೇಲೆ ತಿಳಿ, ಹೀಗೆ ಕರಗಿ ಹೋಗುವ ಬಣ್ಣ ಬರುತ್ತದೆ. ಫೋಟೊ ತೆಗೆಯುವವರು ಬಿಳಿ ಲೋಟ ಬಿಟ್ಟು ಇದರ ಹಿಂದೆ ಬೀಳುತ್ತಾರೆ, ನೋಡಿ ಬೇಕಾದರೆ.

ನಮ್ಮ ದೊಡ್ಡಮ್ಮ ಮೊದಲ ಸಲ ಕುಡಿದಾಗ "ಇದಕ್ಕೆ ನೀನು ಏನೂ ಹಾಕಲಿಲ್ಲ ಅಲ್ವಾ?" ಅಂತ ಎರಡು ಸಲ ಕೇಳಿ, ಮೂರನೇ ಸಲ ಕೇಳಿದ್ದು "ಇನ್ನು ಸ್ವಲ್ಪ ಉಂಟಾ?" ಅಂತ.

ಮೇಜಿನ ಮೇಲೆ ಇಡುವಾಗ

ನಾಲ್ಕು ಸಣ್ಣ ಕ್ರಮ ಇಟ್ಟುಕೊಂಡರೆ ಸಂಜೆ ಸುಸೂತ್ರ.

ತಿನ್ನಲು ಮೊದಲು ಕೊಡಿ, ಕುಡಿಯಲು ಆಮೇಲೆ. ಖಾಲಿ ಹೊಟ್ಟೆಗೆ ಮದ್ಯ ಬೇಗ ಏರುತ್ತದೆ. ನೀರುದೋಸೆಯೋ, ಗೋಳಿಬಜೆಯೋ, ಏನಾದರೂ ಇರಲಿ.

ಟ್ರೇ ತರುವಾಗ ಕೆಂಪು ಲೋಟ ಮುಂದೆ ಇರಲಿ. "ನಿಮಗೆ ಯಾವುದು?" ಅಂತ ಕೇಳಿ, "ನೀವು ಕುಡಿಯಲ್ವಾ?" ಅಂತ ಕೇಳಬೇಡಿ. ಎರಡು ಪ್ರಶ್ನೆಗೂ ಉತ್ತರ ಒಂದೇ ಇರಬಹುದು, ಕೇಳಿಸಿಕೊಂಡವರಿಗೆ ಆಗುವುದು ಬೇರೆ.

ಬಿಳಿ ಲೋಟ ಕುಡಿದವರು ಎರಡನೆಯದಕ್ಕೆ ಕೆಂಪಿಗೆ ಬರಲಿ. ದೇಹ ಒಂದು ಸ್ಮಾಲ್ ಕರಗಿಸಲು ಒಂದು ಗಂಟೆಗಿಂತ ಹೆಚ್ಚೇ ತೆಗೆದುಕೊಳ್ಳುತ್ತದೆ. ಕಾಫಿ, ಮಜ್ಜಿಗೆ, ತಣ್ಣೀರ ಸ್ನಾನ ಯಾವುದೂ ಅದನ್ನು ಬೇಗ ಮಾಡುವುದಿಲ್ಲ.

ಗಾಡಿಯ ಕೀ ಇಟ್ಟುಕೊಂಡವರ ಕೈಯಲ್ಲಿ ಕೆಂಪು ಲೋಟವೇ ಇರಬೇಕು. ಸಿಗ್ನಲಿನಲ್ಲಿ ಕೆಂಪು ಅಂದರೆ ನಿಲ್ಲು, ನಮ್ಮ ಮನೆಯಲ್ಲಿ ಕೆಂಪು ಅಂದರೆ ಹೊರಡಬಹುದು. ಬಿಳಿ ಹಿಡಿದವರಿಗೆ ಚಾಪೆ, ದಿಂಬು, ಫ್ಯಾನಿನ ಕೆಳಗೆ ಜಾಗ ಮತ್ತು ಬೆಳಿಗ್ಗೆ ಒಂದು ಕೆ.ಟಿ. ಖಾತ್ರಿ.

ಎಲೆ ಕಿತ್ತ ಮೇಲೆ ಉಳಿದ ಪುದೀನಾ ದಂಟನ್ನು ಬಿಸಾಡಬೇಡಿ. ಕೆಳಗಿನ ಎಲೆ ತೆಗೆದು ನೀರಿನ ಲೋಟದಲ್ಲಿ ಕಿಟಕಿ ಬದಿ ಇಡಿ, ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ಒಂದೆರಡು ವಾರದಲ್ಲಿ ಬೇರು ಬಿಟ್ಟ ಮೇಲೆ ಕುಂಡಕ್ಕೆ ಹಾಕಿ, ಮಳೆಗಾಲದಲ್ಲಿ ಮಾಡಿನ ಅಡಿಯಲ್ಲಿಡಿ, ಇಲ್ಲದಿದ್ದರೆ ಕೊಳೆತು ಹೋಗುತ್ತದೆ. ಮುಂದಿನ ಸಲ ಗೆಳೆಯರು ಬರುವಾಗ ಪೇಟೆಯಿಂದ ತರಬೇಕಾದದ್ದು ಸೋಡಾ ಮಾತ್ರ.